ಪೆಡಲ್ ಬಿಟ್ಟ ಕಾಲು

ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಅವಳು ತಗಡು ಒತ್ತುವ ಪ್ರೆಸ್ಸಿನ ಪಕ್ಕದಲ್ಲೇ ನಿಲ್ಲಿಸಲಿಲ್ಲ. ಪ್ರೆಸ್ಸು ಬಡಿದಾಗ ಆ ಕಡೆಯ ನೆಲವೆಲ್ಲ ಅದುರುತ್ತದೆ. ನೆಲ ಅದುರಿದರೆ ಚಿತ್ರವೂ ಅದುರುತ್ತದೆ. ಎರಡು ಮಾರು ಹಿಂದೆ, ಹಳೆ ಶೆಡ್ಡೂ ಹೊಸ ಶೆಡ್ಡೂ ಕೂಡುವಲ್ಲಿ, ನೆಲದುದ್ದಕ್ಕೂ ಒಂದು ಬಿರುಕಿತ್ತು. ಅದರ ಈಚೆಗೆ ಕಾಲುಗಳನ್ನು ಅಗಲಿಸಿ ಊರಿ, ಒಂದೊಂದಕ್ಕೂ ಮರಳಿನ ಚೀಲ ಹೇರಿದಳು.

ಬಿರುಕಿನ ವಿಷಯ ಹೇಳಿದ್ದವನು ಗಂಡ. "ಟೀ ಲೋಟ ಈಚೆ ಇಟ್ರೆ ತುಳುಕಲ್ಲ. ಆಚೆ ಇಟ್ರೆ ಅರ್ಧ ನೆಲಕ್ಕೆ, ಅರ್ಧ ನನಗೆ" ಅನ್ನುತ್ತಿದ್ದ. ಎಂಟು ತಿಂಗಳ ಹಿಂದೆ ಇದೇ ಪ್ರೆಸ್ಸಿನ ಮುಂದೆ ಸತ್ತ.

ಪೆಡಲನ್ನು ಒಮ್ಮೆ ತುಳಿದರೆ ಒಂದು ಏಟು. ಏಟು ಹೊಡೆದ ಕಬ್ಬಿಣದ ದಿಮ್ಮಿ ಮೇಲೆ ಹೋಗಿ ನಿಲ್ಲಬೇಕು. ಬ್ರೇಕು ಸವೆದಿದ್ದರೆ ನಿಂತಂತೆ ಮಾಡಿ, ತಾನಾಗಿಯೇ ಜಾರಿ ಇನ್ನೊಮ್ಮೆ ಬಡಿಯುತ್ತದೆ. ಗಂಡ ಇಕ್ಕಳದಲ್ಲಿ ತಗಡು ತೆಗೆಯಲು ಬಗ್ಗಿದ್ದಾಗ ಆ ಎರಡನೇ ಏಟು ಬಿದ್ದಿತ್ತು. ತಗಡಿನ ಕೆಳಗಿನ ಅಚ್ಚು ಒಡೆದು, ಬೆರಳಿನಷ್ಟು ಚೂರು ಅವನ ಕುತ್ತಿಗೆಗೆ ಹೊಕ್ಕಿತ್ತು. ಕಾರ್ಖಾನೆಯ ವರದಿಯಲ್ಲಿ ಒಂದೇ ಸಾಲು: ಕೆಲಸಗಾರ ಪೆಡಲನ್ನು ಎರಡು ಸಲ ತುಳಿದ. ಸಹಿ ರಿಪೇರಿ ಮೇಸ್ತ್ರಿಯದು. ಮೇಸ್ತ್ರಿ ಗಂಡನ ಒಡಹುಟ್ಟಿದ ಅಣ್ಣ, ಅವಳ ಭಾವ.

ಆ ಸಾಲು ಮನೆಗೂ ಬಂದು ಕೂತಿತು. "ಅವನಿಗೆ ಮೊದಲಿಂದ್ಲೂ ಗಡಿಬಿಡಿ. ಒಂದು ಕಡೆ ಕಾಲು ನಿಲ್ತಿರ್ಲಿಲ್ಲ" ಎಂದು ಅತ್ತೆ ಊಟಕ್ಕೆ ಕೂತಾಗಲೆಲ್ಲ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಎದುರಿಗೆ ಕೂತ ಭಾವ ತಲೆಯೆತ್ತದೆ ಉಣ್ಣುತ್ತಿದ್ದ. ಅವನ ಗಂಟಲಲ್ಲಿ ಒಂದು ತುತ್ತೂ ಸಿಕ್ಕಿಕೊಳ್ಳಲಿಲ್ಲ. ಅದನ್ನು ಅವಳು ಎಂಟು ತಿಂಗಳು ನೋಡಿದಳು.

ಅಷ್ಟರಲ್ಲಿ ಮಾಲು ಕೊಳ್ಳುವ ಕಂಪನಿಯಿಂದ ದೂರು ಬಂತು. ಕೆಲವು ತಗಡುಗಳ ಮೇಲೆ ಎರಡೆರಡು ಏಟಿನ ಗುರುತಿದೆಯಂತೆ, ಕಾರಣ ಹಿಡಿದುಕೊಡಬೇಕಂತೆ. ಅವರೇ ಹೈಸ್ಪೀಡ್ ಕ್ಯಾಮೆರಾ ಗೊತ್ತುಮಾಡಿ, ಜೊತೆಗೆ ತಪಾಸಣೆಗಾರ್ತಿಯೊಬ್ಬಳನ್ನು ಕಳಿಸಿದರು. ಅವಳು ಕೆಲಸಕ್ಕಿದ್ದ, ಕ್ಯಾಮೆರಾ ಬಾಡಿಗೆಗೆ ಕೊಡುವ ಸಂಸ್ಥೆಯಲ್ಲಿ ಈ ಕೆಲಸ ಬೇರೊಬ್ಬನಿಗೆ ಬಿದ್ದಿತ್ತು. ಅವಳು ಕೇಳಿ ಪಡೆದಳು.

"ನೀನಾ?" ಭಾವ ಬಾಗಿಲಲ್ಲೇ ನಿಂತ. "ಬೇರೆ ಯಾರೂ ಇರ್ಲಿಲ್ವಾ ನಿಮ್ಮಲ್ಲಿ?"

"ಇದ್ರು ಭಾವ. ಮನೆಯವರ ಕೆಲಸ, ನಾನೇ ಹೋಗ್ತೀನಿ ಅಂದೆ."

ತಪಾಸಣೆಗಾರ್ತಿ ಕಾಗದದಿಂದ ತಲೆಯೆತ್ತಿದಳು. "ನೀವು ಸಂಬಂಧಿಕರಾ?"

"ಇವರ ತಮ್ಮ ನನ್ನ ಗಂಡ. ಈ ಪ್ರೆಸ್ಸಲ್ಲೇ ಹೋಗಿದ್ದು." ಅವಳು ಸ್ಟ್ಯಾಂಡಿನ ತಿರುಪು ಬಿಗಿಮಾಡಿ, ಅದರ ತಲೆಯ ಮೇಲಿನ ಮಟ್ಟದ ಗಾಜಿನಲ್ಲಿ ಗುಳ್ಳೆ ನಡುವಿಗೆ ಬಂತೇ ಎಂದು ನೋಡಿದಳು.

ಕ್ಯಾಮೆರಾ ಮೊಣಕಾಲಿನ ಎತ್ತರಕ್ಕೆ ಕೂತಿತು.

"ಇಷ್ಟು ಕೆಳಗ್ಯಾಕೆ?" ಎಂದ ಭಾವ. "ಏಟು ಬೀಳೋದು ಮೇಲೆ."

"ಮೇಲಿಟ್ರೆ ದಿಮ್ಮಿ ನೆರಳು ಅಡ್ಡ ಬರುತ್ತೆ."

ಅದು ಅರ್ಧ ನಿಜ. ಉಳಿದರ್ಧ ಪರದೆಯ ಮೇಲಿತ್ತು. ಮೇಲಂಚಿಗೆ ಅಚ್ಚು, ಕೆಳಂಚಿಗೆ ಪೆಡಲು, ಪೆಡಲಿನ ಮೇಲೆ ಗುಬ್ಬಿಯ ಬಲಗಾಲಿನ ಬೂಟು.

ಗುಬ್ಬಿ ಅಂದರೆ ಪ್ರೆಸ್ಸು ನಡೆಸುವವನು. ಗಾಳಿ ಬಂದರೆ ಹಾರಿಹೋಗುವಂತಿದ್ದ ಆಳು, ಗಂಡನ ಜೊತೆಗಾರ. ದೀಪಗಳನ್ನು ಅವನ ಕಾಲಿಗೆ ತಿರುಗಿಸಿದಾಗ, "ನನ್ನ ಮದುವೇಲಿ ನನ್ನ ಮುಖಕ್ಕೂ ಇಷ್ಟು ಬೆಳಕು ಬಿದ್ದಿರ್ಲಿಲ್ಲ ಅಕ್ಕ" ಎಂದ.

"ಬಿದ್ದಿದ್ರೆ ಹುಡುಗಿ ಒಪ್ತಿರ್ಲಿಲ್ಲ" ಎಂದಳು. ಅವಳು ತಮಾಷೆ ಮಾಡಿ ಎಷ್ಟೋ ದಿನವಾಗಿತ್ತು. ಗುಬ್ಬಿ ನಗಲು ಒಂದು ಗಳಿಗೆ ತಡಮಾಡಿದ.

ಲೆನ್ಸಿಗೆ ಚೂರು ಸಿಡಿಯದಂತೆ ಅಡ್ಡವಿಡಲು ದಪ್ಪ ಪಾರದರ್ಶಕ ಹಲಗೆ ತಂದಿದ್ದಳು. ಹಿಂದಿನ ದಿನ ಗಾಡಿಗೆ ಸಾಮಾನು ತುಂಬುವಾಗ ಇನ್ನೊಂದನ್ನೂ ಹಾಕಿಕೊಂಡಿದ್ದಳು. ಅವಳ ಸೇಡಿಗೂ ಗುಬ್ಬಿಯ ಕುತ್ತಿಗೆಗೂ ಸಂಬಂಧವಿರಲಿಲ್ಲ. ಆ ಎರಡನೆಯದನ್ನು ಅವನ ಎದೆಯ ಮುಂದೆ ನಿಲ್ಲಿಸಿ, ಕೈಗೆ ಉದ್ದನೆಯ ಇಕ್ಕಳ ಕೊಟ್ಟಳು.

ಕೊನೆಗೆ ಕರೆಂಟನ್ನು ಇನ್ನೊಮ್ಮೆ ನೋಡಿಕೊಂಡಳು. ಗೋಡೆಯ ಬೋರ್ಡಿನಿಂದ ಒಂದೇ ದಪ್ಪ ಕೇಬಲ್ಲು, ಅದರಿಂದ ದೀಪಗಳಿಗೂ ಕ್ಯಾಮೆರಾಕ್ಕೂ. ಕ್ಯಾಮೆರಾದ ಬೆನ್ನಿಗೆ ಇಟ್ಟಿಗೆಯಂಥ ಕಪ್ಪು ಬ್ಯಾಟರಿಯನ್ನೂ ಒತ್ತಿದಳು. ಟಕ್ ಎಂದು ಕಚ್ಚಿಕೊಂಡಿತು. ನೋಡುವವರಿಗೆ ಅದು ಮೈಯ ಭಾಗವೇ. ಒಳಗಿನ ಫ್ಯಾನು ಸಣ್ಣಗೆ ಗುಂಯ್‌ಗುಡುತ್ತಿತ್ತು. ಲೆನ್ಸಿಗೆ ಮುಚ್ಚಳ ಹಾಕಿ ಒಂದು ಗುಂಡಿ ಒತ್ತಿದಳು. ಈ ಜಾತಿಯ ಕ್ಯಾಮೆರಾಕ್ಕೆ ಮೊದಲು ಕತ್ತಲೆ ಅಂದರೇನೆಂದು ತೋರಿಸಬೇಕು. ಆಮೇಲೇ ಅದು ಬೆಳಕನ್ನು ಸರಿಯಾಗಿ ಕಾಣುತ್ತದೆ.

ಸೆಕೆಂಡಿಗೆ ಎರಡು ಸಾವಿರ ಚಿತ್ರ. ಕೊನೆಯ ನಾಲ್ಕು ಸೆಕೆಂಡಷ್ಟೇ ಅದರ ನೆನಪಿನಲ್ಲಿರುತ್ತದೆ, ಹಿಂದಿನದು ಅಳಿಯುತ್ತಲೇ ಇರುತ್ತದೆ. ಆಗಬಾರದ್ದು ಆದ ಮೇಲೆ ಗುಂಡಿ ಒತ್ತಿದರೆ, ಅದಕ್ಕೆ ಮುಂಚಿನದು ಉಳಿಯುತ್ತದೆ. ಉಳಿದದ್ದನ್ನು ಕಾರ್ಡಿಗೆ ಇಳಿಸುವ ಮೊದಲು ಕರೆಂಟು ಹೋದರೆ ಎಲ್ಲ ಹೋಯಿತು. ಇದನ್ನು ಅವಳು ಹೋದ ವರ್ಷ ಊಟದ ಹೊತ್ತಿನಲ್ಲಿ ಹೇಳಿದ್ದಳು. "ಥೇಟ್ ನನ್ನ ತಮ್ಮ! ದೀಪ ಆರಿದ್ರೆ ಹೇಳಿದ್ದೆಲ್ಲ ಮರೆತ" ಎಂದು ಭಾವ ನಕ್ಕಿದ್ದ, ಗಂಡನೂ ನಕ್ಕಿದ್ದ. ಬ್ಯಾಟರಿಯ ಮಾತು ಅವತ್ತು ಬಂದಿರಲಿಲ್ಲ.

ಪ್ರೆಸ್ಸು ಬೆಳಗಿನಿಂದ ಬಡಿಯಿತು. ಬ್ರೇಕು ಬಿಸಿಯಾದ ಮೇಲೇ ಜಾರುತ್ತದೆಂದು ಗಂಡ ಹೇಳಿದ್ದ, ಭಾವನಿಗೂ ಮೂರು ಸಲ ಹೇಳಿದ್ದ. ಅವಳು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಕೂತಳು. ಭಾವ ಎರಡು ಬಾರಿ ಬಂದು, "ಸಾಕಲ್ವಾ ಮೇಡಂ, ಏನೂ ಇಲ್ಲ" ಎಂದು ತಪಾಸಣೆಗಾರ್ತಿಗೆ ಹೇಳಿದ. "ಊಟದವರೆಗೆ ನೋಡೋಣ" ಎಂದಳು ತಪಾಸಣೆಗಾರ್ತಿ.

ಹನ್ನೊಂದು ದಾಟಿ ಸ್ವಲ್ಪ ಹೊತ್ತಿಗೆ, ಧಡ್.

ಧಡ್.

ಹೆಬ್ಬೆರಳು ಒತ್ತಿಯಾಗಿತ್ತು. ಗುಬ್ಬಿ ಇಕ್ಕಳ ಬಿಸಾಡಿ ಎರಡೂ ಕೈ ಮೇಲೆತ್ತಿ ಹಿಂದೆ ಸರಿದ. "ನಾನು ತುಳಿದಿಲ್ಲ! ದೇವರಾಣೆ ತುಳಿದಿಲ್ಲ!"

ಗಂಡನಿಗೆ ಅಷ್ಟು ಹೇಳಲೂ ಆಗಿರಲಿಲ್ಲ.

"ತುಳಿದೆ. ನಾನೇ ಕಣ್ಣಾರೆ ನೋಡ್ದೆ, ಎರಡು ಸಲ" ಎಂದ ಭಾವ. ಹೇಳುತ್ತಲೇ ಗೋಡೆಯ ಕಡೆ ಹಿಂದೆ ಸರಿದ. ಅವನ ಕಾಲು ಕೇಬಲ್ಲಿಗೆ ಸಿಕ್ಕಿ ಪ್ಲಗ್ಗು ಕಿತ್ತು ಬಂತು. ದೀಪಗಳೆಲ್ಲ ಆರಿದವು. ಅವಳು ಅಲ್ಲಾಡಲಿಲ್ಲ.

"ಅಯ್ಯೋ! ಕಾಲಿಗೆ ಸಿಕ್ಕಿಬಿಡ್ತು. ಈಗೇನ್ಮಾಡೋದು, ಇದ್ರಲ್ಲಿದ್ದಿದ್ದೆಲ್ಲ ಅಳಿಸಿಹೋಯ್ತಲ್ಲ!"

ತಪಾಸಣೆಗಾರ್ತಿ ಅವನನ್ನೇ ನೋಡಿದಳು. "ಅಳಿಸಿಹೋಗುತ್ತೆ ಅಂತ ನಿಮಗೆ ಹೇಗೆ ಗೊತ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂದವರೂ ಇರಲಿಲ್ಲ. ಪ್ರೆಸ್ಸು ನಿಂತಿದ್ದರಿಂದ ಶೆಡ್ಡು ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ಸಣ್ಣಗೆ ಫ್ಯಾನಿನ ಗುಂಯ್ ಎಲ್ಲರಿಗೂ ಕೇಳಿಸಿತು.

"ಬ್ಯಾಟರಿ ಇದೆ ಭಾವ" ಎಂದಳು. "ಆದ್ರೆ ಪೂರ್ತಿ ಇಳಿಸೋವರೆಗೆ ಸಾಲಲ್ಲ. ಪ್ಲಗ್ ಹಾಕಿ."

ಅವನು ನಿಂತೇ ಇದ್ದ.

"ಹಾಕಿ" ಎಂದಳು ತಪಾಸಣೆಗಾರ್ತಿಯೂ.

ಅವನು ಬಗ್ಗಿದ. ಎರಡು ಸಲ ತೂತು ತಪ್ಪಿ ಮೂರನೆಯದಕ್ಕೆ ಹಾಕಿದ. ಅವಳು ಸಹಾಯಕ್ಕೆ ಹೋಗಲಿಲ್ಲ.

ಆಮೇಲೆ ತೋರಿಸಿದಳು. ದಿಮ್ಮಿ ಇಳಿಯಿತು, ಬಡಿಯಿತು, ಎದ್ದಿತು. ಬೂಟು ಪೆಡಲನ್ನು ಬಿಟ್ಟು, ಗೇಣು ಈಚೆಗೆ ಬಂದು ನೆಲದ ಮೇಲೆ ಕೂತಿತು. ಪೆಡಲು ಖಾಲಿ. ದಿಮ್ಮಿ ಮೇಲೆ ಹೋಗಿ ನಿಂತಂತೆ ಮಾಡಿ, ಕೂದಲೆಳೆ ಕೂದಲೆಳೆಯಾಗಿ ಜಾರತೊಡಗಿತು. ಒಂದು ಸೆಕೆಂಡು ಪರದೆಯ ಮೇಲೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಗುಬ್ಬಿ ತನ್ನ ಬೂಟನ್ನೇ ನೋಡುತ್ತ ಅತ್ತ. ಅವಳು ಪರದೆ ನೋಡಲಿಲ್ಲ. ಭಾವನ ಗಂಟಲನ್ನು ನೋಡಿದಳು. ಅದು ಕೊನೆಗೂ ಉಗುಳು ನುಂಗಿತು.

"ಬ್ರೇಕು ಹೊಸದು ಹಾಕಿದೀವಿ ಅಂತ ಬರೆದು ಕೊಟ್ಟೋರು ಯಾರು?" ತಪಾಸಣೆಗಾರ್ತಿ ಕೇಳಿದಳು. ಅವಳ ಕೈಯಲ್ಲಿದ್ದ ಕಾಗದದ ಕೆಳಗಿನ ಸಹಿ ಭಾವನದೇ. ಅವಳು ಹಳೆಯ ಅಪಘಾತದ ವರದಿಯನ್ನೂ ತರಿಸಲು ಫೋನು ಹಿಡಿದು ಹೊರಗೆ ಹೋದಳು.

ಚಿತ್ರ ಕಾರ್ಡಿಗೆ ಎಷ್ಟು ಇಳಿಯಿತೆಂದು ತೋರಿಸುವ ಪರದೆಯ ಮೇಲಿನ ಗೆರೆ ಕಾಲು ಭಾಗ ತುಂಬಿತ್ತು. ಭಾವ ಹತ್ತಿರ ಬಂದು ದನಿ ಇಳಿಸಿದ. "ಕೆಲಸ ಹೋದ್ರೆ ಹೋಗ್ಲಿ. ಅಮ್ಮಂಗೆ ಮಾತ್ರ ಬೇಡ ಕಣಮ್ಮ. ಅವಳಿಗೀಗ ಇರೋದು ಒಬ್ನೇ ಮಗ."

"ಹೌದು ಭಾವ, ಒಬ್ನೇ. ಅದಕ್ಕೇ ಅವನ ಬಾಯಿಂದ್ಲೇ ಕೇಳ್ಲಿ. ಇವತ್ತು ಊಟಕ್ಕೆ ಕೂತಾಗ."

"ನಾನು ಹೇಳ್ದಿದ್ರೆ?"

"ತಟ್ಟೆ ಪಕ್ಕ ಇದನ್ನ ಇಡ್ತೀನಿ. ಅತ್ತೆಗೆ ಕಣ್ಣು ಮಂಜು, ಆದ್ರೆ ಇದು ನಿಧಾನಕ್ಕೆ ಓಡುತ್ತೆ."

ಅವನು ಮರಳಿನ ಚೀಲದ ಮೇಲೆ ಕುಸಿದು ಕೂತ. ಎದ್ದೇಳಿ ಎನ್ನಬೇಕಿತ್ತು, ಸ್ಟ್ಯಾಂಡು ಅಲ್ಲಾಡಬಾರದು. ನೋಡಿದಳು, ಅಲ್ಲಾಡಿರಲಿಲ್ಲ. ಅವನ ಭಾರಕ್ಕೆ ಕಾಲು ಇನ್ನಷ್ಟು ಊರಿತ್ತು, ಬಿರುಕಿನ ಈಚೆಗೇ. ಗೆರೆ ತುಂಬುವವರೆಗೆ ಅವನನ್ನು ಅಲ್ಲೇ ಕೂರಲು ಬಿಟ್ಟಳು.