ಸದ್ದು ಮಾಡದ ಬಾಗಿಲು

ಕಿರುಗುಟ್ಟಲಿಲ್ಲ, ಈ ಬಾಗಿಲು ಕಿರುಗುಟ್ಟಲೇ ಇಲ್ಲ — ಕೊರಿಯಾದ ಈ ಹಾಳು ಚಳಿಯಲ್ಲಿ ಕಾಲಿನ ಬೂಟೇ ಕಿರುಗುಟ್ಟುತ್ತದೆ, ಹಳೇ ಹಲಗೆ ಬಾಗಿಲು ಸುಮ್ಮನಿರುತ್ತದೆಯೇ, ಊರವರು ಮನೆ ಬಿಟ್ಟು ಓಡಿದ್ದಾರೆ, ಓಡುವವರು ಅಂಗಳ ಗುಡಿಸಿ ಹೋಗುತ್ತಾರೆಯೇ, ಹುಲ್ಲನ್ನು ಕಟ್ಟುಕಟ್ಟಿ ಗೋಡೆಗೆ ಒರಗಿಸುತ್ತಾರೆಯೇ, ಅಯ್ಯೋ ದೇವರೇ, ಈ ಕಟ್ಟು ನನಗೆ ಗೊತ್ತು, ಆರು ವರ್ಷದ ಹಿಂದೆ, ಚೀನಾದ ಶಾನ್ಸಿ ಗುಡ್ಡಗಳಲ್ಲಿ, ಜಪಾನಿನವರ ಮೇಲೆ ಅಮೆರಿಕದ ನಾವೂ ಚೀನಾದವರೂ ಒಂದಾಗಿ ಕಾದುತ್ತಿದ್ದ ಕಾಲ, ಅವರ ದಳಪತಿ ಗುವಾನನ ದಂಡಿನ ಜೊತೆ ಹಳ್ಳಿ ಹಳ್ಳಿ ಅಲೆದಿದ್ದೆ, ರೈತರ ಮನೆ ಬಾಗಿಲು ಕಳಚಿ, ಹುಲ್ಲು ಹಾಸಿ, ಅದರ ಮೇಲೆ ಮಲಗುತ್ತಿದ್ದೆವು, ಬೆಳಿಗ್ಗೆ ನಾನು ಎದ್ದು ಹಾಗೇ ಹೊರಟರೆ ಗುವಾನ್ ಬೆನ್ನಿಗೊಂದು ಗುದ್ದಿದ, ಏನಣ್ಣ, ನಿಮ್ಮೂರಲ್ಲಿ ಹಾಸಿಗೆ ಎತ್ತೋಕೆ ನಿಮ್ಮತ್ತೆ ಬರ್ತಾಳಾ, ಹುಲ್ಲು ಕಟ್ಟು, ಕಳಚಿದ ಬಾಗಿಲು ಮತ್ತೆ ಕೂರ್ಸು, ಯುದ್ಧ ಆಮೇಲೆ, ಬಾಗಿಲು ತಿರುಗುವ ಕುಳಿಗೆ ತಾನೇ ನಾಲ್ಕು ಹನಿ ನೀರು ಬಿಟ್ಟ, ಸದ್ದಾದ್ರೆ ಅಜ್ಜಿ ಎದ್ದುಬಿಡ್ತಾಳೆ ಮಾರಾಯ — ಬಾಗಿಲು ಉಸಿರೆತ್ತದೆ ಮುಚ್ಚಿಕೊಂಡಿತ್ತು.

ರೇಡಿಯೋದಲ್ಲಿ ಕರ್ನಲ್ ಹಾಬಾರ್ಟ್ ನಗುತ್ತಾರೆ, ಬಾಗಿಲು ನೋಡಿ ದಂಡು ಎಣಿಸ್ತೀಯೇನಯ್ಯಾ ಹ್ಯಾಲ್ವರ್ಸನ್, ಚೀನಾದವರು ಗಡಿಯ ನದಿ ದಾಟಿಲ್ಲ ಅಂತ ಮೇಲಿನೋರೇ ಹೇಳಿದಾರೆ, ನಿನ್ನ ಹುಡುಗರು ಕಣಿವೆಯಲ್ಲೇ ಇರ್ಲಿ, ತಿಳೀತಾ — ಇನ್ನೂರು ಹುಡುಗರು, ಕೆಳಗೆ ಬಟಾಬಯಲಿನಲ್ಲಿ, ಒಲೆ ಹಚ್ಚಿ ಹಬ್ಬದ ಟರ್ಕಿ ಕೋಳಿ ಬಿಸಿ ಮಾಡುತ್ತಿದ್ದಾರೆ, ಕ್ರಿಸ್ಮಸ್ಸಿಗೆ ಮನೆ ಸೇರುತ್ತೇವೆಂದು ಪಂದ್ಯ ಕಟ್ಟುತ್ತಿದ್ದಾರೆ, ಸುತ್ತ ಗುಡ್ಡದ ಕಾಡಿಗೆ ಬೆಂಕಿ ಬಿದ್ದು ಹೊಗೆ, ಬರೀ ಹೊಗೆ, ನಮ್ಮ ವಿಮಾನಗಳಿಗೆ ಏನೂ ಕಾಣದು, ಹಗಲೆಲ್ಲ ಹೊಗೆಯಡಿ ಮಲಗು, ಕತ್ತಲಾದ್ರೆ ನಡಿ, ಗುವಾನನೇ ಕಲಿಸಿದ್ದು, ಹೆದರಿಕೆಯಾಗುತ್ತಿದೆ, ಹೌದು, ಈ ಸಲ ಶತ್ರುವಾಗಿ ಅವನೇ ಬಂದಿದ್ದರೆ, ಬೇಡ ಕಣೋ ಗುವಾನ್, ನೀನಾಗಿರಬೇಡ — ಯಾಕ್ ಸಾರ್, ದೆವ್ವ ಕಂಡೋರ ಥರ ನಿಂತ್ಬಿಟ್ರಿ, ಸಾರ್ಜೆಂಟ್ ಮೂನಿ ಹಲ್ಲು ಕಟಕಟಿಸುತ್ತ ನಗುತ್ತಾನೆ, ಕಂಕುಳಲ್ಲಿಟ್ಟುಕೊಂಡರೂ ಅವನ ಬಾಟಲಿಯ ನೀರು ಕಲ್ಲಾಗಿದೆ, ನೀರು, ಹೌದಲ್ಲ, ನೀರು — ಕೈಗವಸು ಕಿತ್ತು ಬಾಗಿಲ ಕುಳಿಗೆ ಬೆರಳಿಟ್ಟೆ, ಒದ್ದೆ, ಇನ್ನೂ ಒದ್ದೆ, ಹೆಪ್ಪುಗಟ್ಟಿಲ್ಲ, ಈಗತಾನೇ ಬಿಟ್ಟ ನೀರು, ಚೀನಾದವರು ಹೋಗಿಲ್ಲ, ಇಲ್ಲೇ ಇದ್ದಾರೆ, ಕರ್ನಲ್ ನನ್ನನ್ನು ಕೋರ್ಟಿಗೆಳೆದರೆ ಎಳೆಯಲಿ, ಮೂನಿ, ಹುಡುಗರನ್ನ ಗುಡ್ಡ ಹತ್ತಿಸು, ಈಗ್ಲೇ, ಎನ್ನಲು ಬಾಯಿ ತೆರೆಯುತ್ತೇನೆ, ಎದುರು ಮನೆಯ ಬಾಗಿಲು, ಗಾಳಿಯಿಲ್ಲ, ಸದ್ದಿಲ್ಲ, ತೆರೆದುಕೊಳ್ಳುತ್ತಿದೆ, ಬಾಗಿಲು