ಪಟ್ಟಿಯಲ್ಲಿಲ್ಲದ ವೇಗ

ಪುಷ್ಯದ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಿಣ್ಣಿ ಸುಲ್ತಾನ ಊರಿನ ಕಣಗಳಲ್ಲಿ ತೊಗರಿ ರಾಶಿ ನಡೆದಿತ್ತು. ಹೆಂಗಸರ ಸಂಘದ ಅಂಗಳದಲ್ಲಿ ಮಾತ್ರ ತುಂಬಿದ ಚೀಲಗಳು ಬೆಳಿಗ್ಗೆಯಿಂದ ಹಾಗೇ ನಿಂತಿದ್ದವು. ತೂಕದ ಯಂತ್ರ ತೂಕ ತೋರಿಸುತ್ತಿತ್ತು. ಅದರ ತಂತಿ ಸಿಕ್ಕಿಸಿದ ಕಂಪ್ಯೂಟರಿನಲ್ಲಿ ಅಂಕಿಯ ಬದಲು ಅರ್ಥವಿಲ್ಲದ ಗುರುತುಗಳು ಬೀಳುತ್ತಿದ್ದವು.

ಖರೀದಿಗೆ ಬಂದ ಅರುಣಕುಮಾರ ಲಾರಿಗೆ ಒರಗಿ ನಿಂತಿದ್ದ. "ಕೈಲೆ ಬರದ ಚೀಟಿ ನಮ್ಮಲ್ಲಿ ನಡ್ಯಂಗಿಲ್ರಿ ಅಕ್ಕೋರೆ. ಹೊತ್ತು ಮುಳುಗೂದ್ರಾಗ ಆಗ್ಲಿಲ್ಲಂದ್ರ ಮುಂದಿನ ಊರು ಖಜೂರಿಗೆ ಹೋಗ್ತೇನಿ."

ಸಂಘದ ಅಧ್ಯಕ್ಷೆ ಮಲ್ಕಮ್ಮ ಚೀಲಗಳತ್ತ ನೋಡಿದಳು. ತಮ್ಮ ತೊಗರಿಯನ್ನು ತಾವೇ ತೂಗಿ ಮಾರುವುದು ಇದೇ ಮೊದಲು. ಲಾರಿ ಹೋದರೆ ಚೀಲಗಳೆಲ್ಲ ಮತ್ತೆ ದಲಾಲಿ ಅಂಗಡಿಗೇ.

ಮಗಳು ರಮಾಬಾಯಿ ಡಿಪ್ಲೊಮಾ ಓದಿ ಸಂಘದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಯಂತ್ರ ಕಳಿಸುವ ವೇಗ, ಕಂಪ್ಯೂಟರ್ ಕೇಳುವ ವೇಗ ಒಂದಾಗಬೇಕು. ಪಟ್ಟಿಯಲ್ಲಿದ್ದ ವೇಗಗಳನ್ನೆಲ್ಲ ಹಾಕಿ ನೋಡಿ ಸೋತು, ಯಂತ್ರ ರಿಪೇರಿ ಮಾಡಿದ್ದ ಆಳಂದದ ಮಸೂದನಿಗೆ ಫೋನ್ ಹಚ್ಚಿದಳು.

"ಮಸೂದಭಾಯಿ, ಒಳಗ ಏನರ ಬದ್ಲಿ ಮಾಡೀರೇನ್ರಿ?"

"ಒಳಗ ತಾಳ ಹಾಕೋ ಹರಳು, ಕ್ರಿಸ್ಟಲ್ ಅಂತಾರಲ್ಲ, ಅದು ಹೋಗಿತ್ತವ್ವ. ಅಂಥಾದ್ದೇ ಸಿಗ್ಲಿಲ್ಲ. ಸ್ವಲ್ಪ ಜೋರಿಂದು ಇತ್ತು, ಹಾಕ್ದೆ. ತೂಕ ಬರಾಬರ್ ಅದ ಇಲ್ಲೊ?"

"ತೂಕ ಬರಾಬರ್ ಅದರಿ. ಮಾತು ಜೋರಾಗ್ಯಾದ."

"ನಮ್ಮನಿಯಾಕಿದೂ ಹಂಗ ಆಗ್ಯಾದ ಬಿಡು," ಎಂದ ಮಸೂದ. ಹಳೆಯ ಹರಳು ಎಷ್ಟರದು, ಹೊಸದು ಎಷ್ಟರದು ಎಂದೂ ಹೇಳಿದ.

ರಮಾಬಾಯಿ ಲೆಕ್ಕ ಹಾಕಿದಳು. ಯಂತ್ರ ಕಳಿಸುವ ವೇಗ ೯೬೦೦ ಇದ್ದದ್ದು ೧೦೪೧೬ ಆಗಿತ್ತು. ಆ ವೇಗ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆದರೆ ಪಟ್ಟಿ ತೂಕದ ಪ್ರೋಗ್ರಾಮಿನದು. ಅದರ ಕೆಳಗೆ ಕಂಪ್ಯೂಟರನ್ನೇ ನಡೆಸುವ ಲಿನಕ್ಸ್, ನೇರ ಅಂಕಿ ಕೊಟ್ಟು ಕೇಳಿದರೆ ಆ ವೇಗಕ್ಕೂ ಒಪ್ಪುತ್ತದೆಂದು ಆಕೆ ಓದಿದ್ದಳು. ಹಾಗೆ ಕೇಳುವ ಚಿಕ್ಕ ಪ್ರೋಗ್ರಾಮೊಂದನ್ನು ತಾನೇ ಬರೆಯಲು ಕುಳಿತಳು.

"ಇನ್ನೂ ಏನ್ ಮಾಡಾಕತ್ತಾಳ್ರಿ?" ಅರುಣಕುಮಾರ ಲಾರಿಯ ಬಾಗಿಲು ತೆಗೆದ.

"ಹೊತ್ತು ಇನ್ನೂ ಮುಳುಗಿಲ್ಲಲ್ಲ ತಮ್ಮಾ," ಎಂದಳು ಮಲ್ಕಮ್ಮ.

ಎರಡು ಸಲ ತಪ್ಪಾಯಿತು. ಮೂರನೆಯ ಸಲ ಯಂತ್ರದ ಮೇಲಿದ್ದ ಅಂಕಿಯೇ ಪರದೆಯ ಮೇಲೂ ಬಂತು. ಚೀಟಿ ಕಿರ್ರೆಂದು ಹೊರಬಿತ್ತು. ಅರುಣಕುಮಾರ ಅದನ್ನು ಬೆಳಕಿಗೆ ಹಿಡಿದು ನೋಡಿ, ಬಾಗಿಲು ಮುಚ್ಚಿ ಬಂದ.

ಮಲ್ಕಮ್ಮ ಸೆರಗು ಸಿಕ್ಕಿಸಿದಳು. ಅಳೆಯುವವರು ಮೊದಲನೆಯದನ್ನು ಒಂದು ಎನ್ನುವುದಿಲ್ಲ. "ಲಾಭ," ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. "ಎರಡು."

ಕೊನೆಯ ಚೀಲ ಲಾರಿ ಏರಿದ ಮೇಲೆ ಮಗಳ ಬಳಿ ಬಂದು ಕುಳಿತಳು.

"ನಿನ್ನ ಕೂಲಿ ಏನ್ ಕೊಡ್ಲೆವ್ವಾ?"

"ಬಾಕಿ ಇರ್ಲಿ ಬೇ. ತೀರಿಸಿದ್ರ ನೀ ನನ್ನ ಮಾತು ಎಲ್ಲಿ ಕೇಳ್ತಿ?"