ಬಾಗಿಲಲ್ಲಿ ನಿಂತ ದನಿ

"ಮುಟ್ಟಬೇಡ!" ಅಂದ ಥೆಯೋಫಾನ್.

ಅಷ್ಟರಲ್ಲಿ ನಾದಿನಿ ಒರೇಲಿಯಾ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿಬಿಟ್ಟಿದ್ದಳು. ಪೋರ್ಟ್-ಓ-ಪ್ರಿನ್ಸ್‌ನ ಮಧ್ಯಾಹ್ನದ ಬಿಸಿಲು ಕಿಟಕಿಯ ಪಟ್ಟಿಗಳ ನಡುವಿನಿಂದ ತೂರಿ, ದನಿ ಕೊರೆದಿಟ್ಟ ಕಪ್ಪು ಅರಗಿನ ತಟ್ಟೆಯ ಮೇಲೆ ನೀರಿನಂತೆ ನಡುಗಿತು.

"ನಾಳೆ ಹಡಗು ಹತ್ತುತ್ತೀನಿ, ಭಾವ. ಮತ್ತೆ ಬರ್ತೀನೋ ಇಲ್ವೋ. ಅಕ್ಕನ ದನಿ ಒಂದ್ಸಲ ಕೇಳಿಸಿಕೊಂಡು ಹೋಗ್ತೀನಿ."

"ಅರಗು ಮೆತ್ತಗಿರತ್ತೆ ಒರೇಲಿಯಾ. ಮುಳ್ಳು ಅದರ ಮೇಲೆ ಹರಿದಾಗಲೆಲ್ಲ ಒಂದಿಷ್ಟು ದನಿ ಕೆರೆದುಕೊಂಡೇ ಹೋಗತ್ತೆ. ಇನ್ನೊಮ್ಮೆ ಹಾಕಿದ್ರೆ ಗರಗರ ಬಿಟ್ಟು ಏನೂ ಉಳಿಯಲ್ಲ."

"ಅದಕ್ಕೇ ಅವಳು ಸತ್ತಾಗಿನಿಂದ ಮೂಗಿ ಮಾಡಿ ಕೂರಿಸಿದ್ದೀರಾ? ಬದುಕಿದ್ದಾಗಲೂ ಅವಳಿಗೆ ಬಾಯಿ ಬಿಡೋಕೆ ಬಿಟ್ಟವರಲ್ಲ ನೀವು!"

ಥೆಯೋಫಾನ್‌ಗೆ ನಗು ಬಂತು. ನಿಜವೇ. ಆಗೆಲ್ಲ ಈ ಜಗಲಿಯಲ್ಲಿ ಔಷಧಿ ಅಂಗಡಿಯವನು, ಪಾದ್ರಿ, ಡೋಲು ಮಾಡುವವನು ಸೇರುತ್ತಿದ್ದರು. ಜೇನುನೊಣಕ್ಕೆ ನೆನಪಿರುತ್ತದೆಯೇ, ಡೋಲಿನ ಬಡಿತಕ್ಕೆ ಜ್ವರ ಇಳಿಯುತ್ತದೆಯೇ, ಧೂಮಕೇತುವಿನ ಬಾಲಕ್ಕೆ ವಾಸನೆ ಇರಬಹುದೇ ಎಂದೆಲ್ಲ ಮಾತು. ಮಾತೆಲ್ಲ ಅವನದೇ. ಹೆಂಡತಿ ಸೆಲಿಮೆನ್ ಕಾಫಿ ಸುರಿಯುತ್ತ ನಗುತ್ತಿದ್ದಳು.

ಕಡಲ ದಂಡೆಯಲ್ಲಿ ಹಲವು ದೇಶಗಳ ವಸ್ತುಪ್ರದರ್ಶನ, ಲೋಕದ ಮೇಳ, ನಡೆದ ವರ್ಷ ಅವನು ಈ ಸ್ವಾಗತದ ಯಂತ್ರ ಕಟ್ಟಿದ. ಈ ನಾಡಿನ ರೂಢಿಯಂತೆ, ಮನೆಗೆ ಬಂದವರು ಹೊರಗೆ ನಿಂತು "ಮಾನ!" ಎಂದು ಕೂಗಬೇಕು, ಮನೆಯವರು "ಮರ್ಯಾದೆ!" ಎನ್ನಬೇಕು, ಆಮೇಲೆಯೇ ಒಳಗೆ ಕಾಲಿಡುವುದು. ಮೇಳದ ಅವನ ಮಳಿಗೆಯಲ್ಲಿ ಮಾತ್ರ ಹೊಸ್ತಿಲ ಹಲಗೆ ತುಳಿದೊಡನೆ ಒಳಗಿನ ಯಂತ್ರವೇ ಸೆಲಿಮೆನ್‌ಳ ದನಿಯಲ್ಲಿ "ಮಾನ!" ಎಂದಿತು. ಜನ "ಮರ್ಯಾದೆ!" ಎಂದು ಟೋಪಿ ತೆಗೆದು, ಒಳಗಿನ ಅತಿಥಿ ಹೊರಗೆ ಬರಲೆಂದು ದಾರಿ ಬಿಟ್ಟು ನಿಂತರು. ಒಬ್ಬರೂ ಒಳಗೆ ಹೋಗಲಿಲ್ಲ.

"ಕೂಗೋದು ಬಂದವರು ಕಣ್ರೀ, ಒಳಗಿರೋರಲ್ಲ" ಎಂದು ಸೆಲಿಮೆನ್ ಮೊದಲೇ ಹೇಳಿದ್ದಳು. "ಯಂತ್ರ ಈ ಲೋಕಕ್ಕೇ ಹೊಸ ನೆಂಟ" ಎಂದು ಅವನು ವಾದಿಸಿದ್ದ. ಆ ಸಂಜೆ ಇಬ್ಬರೂ ಬಣ್ಣದ ಕಾರಂಜಿಯ ಕಟ್ಟೆಯ ಮೇಲೆ ಕೂತರು. ಅವಳ ಕೆನ್ನೆ ಹಸಿರಾಯಿತು, ಕೆಂಪಾಯಿತು, ನೀಲಿಯಾಯಿತು. ಕಣ್ಣಲ್ಲಿ ನೀರು ಬರುವವರೆಗೆ ಅವಳು ನಕ್ಕಿದ್ದಳು.

ಒರೇಲಿಯಾ ಬಟ್ಟೆಯನ್ನು ಮತ್ತೆ ಮುಚ್ಚಿದಳು. "ಆಯ್ತು, ಇಟ್ಕೊಳ್ಳಿ. ನಿಮ್ಮ ಕಾಲ ಆದಮೇಲೆ ಇಲಿಗಳು ಕೇಳಲಿ." ಹುಲ್ಲಿನ ಟೋಪಿ ಎತ್ತಿಕೊಂಡು ಬಾಗಿಲವರೆಗೆ ಹೋದಳು.

"ಕೂತ್ಕೋ."

ಅವನು ಕೀಲಿ ತಿರುಗಿಸಿದ. ಮುಳ್ಳನ್ನು ತಟ್ಟೆಯ ಮೇಲೆ ಇಳಿಸಿದ. ಒಣ ಎಲೆಗಳ ಮೇಲೆ ಯಾರೋ ನಡೆದು ಬರುವಂಥ ಸದ್ದು. ಅದರ ಹಿಂದಿನಿಂದ, ಸಣ್ಣಗೆ, ತಡೆದುಕೊಂಡ ನಗುವಿನ ಜೊತೆಗೇ:

"ಮಾನ!"

ಒರೇಲಿಯಾ ಬಾಯಿಗೆ ಕೈ ಒತ್ತಿಕೊಂಡು ಅವನನ್ನೇ ನೋಡಿದಳು. ಉತ್ತರಿಸುವ ಹಕ್ಕು ಅವಳದಲ್ಲ, ಮನೆ ಅವನದು. ಮೇಳದಲ್ಲೂ ಅವನು ಒಮ್ಮೆಯೂ ಉತ್ತರಿಸಿರಲಿಲ್ಲ. ಯಂತ್ರದ ಸ್ಪ್ರಿಂಗಿಗೆ ಕಿವಿಯೊಡ್ಡಿ ಕೂತಿದ್ದ.

"ಮರ್ಯಾದೆ" ಅಂದ ಥೆಯೋಫಾನ್. "ಬಾ. ಒಳಗೆ ಬಾ."

ಮುಳ್ಳು ಖಾಲಿ ಗೆರೆಯಲ್ಲಿ ಸುತ್ತುತ್ತಲೇ ಇತ್ತು. ಅದನ್ನು ಇಬ್ಬರೂ ಎತ್ತಲಿಲ್ಲ. ಅವನು ಬೆತ್ತದ ಕುರ್ಚಿಯ ಮೇಲಿನ ಪುಸ್ತಕಗಳನ್ನು ನೆಲಕ್ಕಿಳಿಸಿ, ಅಂಗೈಯಲ್ಲಿ ದೂಳು ಒರೆಸಿ, ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟ.